ಅಕ್ಕನ ಪಾಟಿಚೀಲ

ನಾನು ಚಿಕ್ಕವನಿದ್ದಾಗ ನಮ್ಮ ಚಾಳಿನಲ್ಲಿ ಎಲ್ಲರಿಗಿಂತ ಮೊದಲು ಕತ್ತಲಾಗುತ್ತಿದ್ದದ್ದು ನನಗೆ. ಉಳಿದ ಹುಡುಗರು ಅಂಗಳದಲ್ಲಿ ಇನ್ನೂ ಗೋಲಿ ಆಡುತ್ತಿರುತ್ತಿದ್ದರು. ಹೆಂಗಸರು ನಳದ ಮುಂದೆ ಕೊಡಗಳನ್ನು ಸಾಲಿಗಿಟ್ಟು ಜಗಳವಾಡುತ್ತಿರುತ್ತಿದ್ದರು. ಅಷ್ಟರಲ್ಲೇ ನನ್ನ ಪಾಲಿನ ದಿನ ಮುಗಿದುಬಿಡುತ್ತಿತ್ತು. ಸದ್ದಿಲ್ಲದೆ ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಕೌದಿ ಎಳೆದುಕೊಂಡು ಮಲಗುತ್ತಿದ್ದೆ. ಅದಕ್ಕೇ ಚಾಳಿನವರು ನನಗೆ ಕುಂಭಕರ್ಣ ಎಂದು ಹೆಸರಿಟ್ಟಿದ್ದರು. ನಿಜ ಹೇಳಬೇಕೆಂದರೆ, ಮಕ್ಕಳೇ, ನನಗೆ ನಿದ್ದೆ ಬರುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ನನಗೆ ಕಣ್ಣೇ ಕಾಣುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ನಿದ್ದೆಯ ನೆಪ ಮಾಡುತ್ತಿದ್ದೆ. ಕುಂಭಕರ್ಣ ಎನ್ನಿಸಿಕೊಳ್ಳುವುದು ಕುರುಡ ಎನ್ನಿಸಿಕೊಳ್ಳುವುದಕ್ಕಿಂತ ವಾಸಿ ಅಂತ ಆ ವಯಸ್ಸಿನಲ್ಲೇ ಲೆಕ್ಕ ಹಾಕಿದ್ದೆ ನೋಡಿ.

ನಮ್ಮ ಚಾಳು ಇದ್ದದ್ದು ವಿಕ್ರೋಳಿಯಲ್ಲಿ, ಒಂದು ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ. ಒಂದೊಂದು ಖೋಲಿಗೂ ತಗಡಿನ ಮಾಡು, ಮುಂದೆ ಒಂದು ಕಲ್ಲು ಹಾಸು, ಕೆಳಗೆ ಕಪ್ಪು ನೀರಿನ ನಾಲಾ. ಕಾರ್ಖಾನೆಯ ಭೋಂಗಾ ಕೂಗಿದರೆ ಅದೇ ನಮ್ಮ ಗಡಿಯಾರ. ಬೇಸಗೆಯಲ್ಲಿ ತಗಡು ಕಾದು ತಲೆ ಸುಡುತ್ತಿತ್ತು. ಮಳೆಗಾಲದಲ್ಲಿ ನಾಲಾ ಉಕ್ಕಿ, ಹೇಳದೆ ಕೇಳದೆ ಬರುವ ನೆಂಟರ ಹಾಗೆ ಮನೆಯೊಳಗೇ ಬರುತ್ತಿತ್ತು. ಆ ನೀರು ಇಳಿದ ಮೇಲೆ ಚಾಳಿನ ಮಕ್ಕಳಿಗೆಲ್ಲ ಹೊಟ್ಟೆ ಕೆಡುತ್ತಿತ್ತು. ನನಗಂತೂ ವರ್ಷ ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ಗುಡ್ಡದ ಕಡೆ ಒಂದು ನುಗ್ಗೆಮರವಿತ್ತು. ರೈಲುಹಳಿಯ ಪಕ್ಕದಲ್ಲಿ ಮಳೆ ಬಿದ್ದೊಡನೆ ರಾಜಗಿರಿ, ಗೋಳಿ ಎಂದು ನೂರೆಂಟು ಸೊಪ್ಪು ತಾವಾಗಿ ಹುಟ್ಟುತ್ತಿದ್ದವು. ಅವನ್ನು ಯಾರೂ ಬಿತ್ತಿದ್ದಲ್ಲ, ಯಾರೂ ಕಾಯುತ್ತಲೂ ಇರಲಿಲ್ಲ.

ಅಪ್ಪ ಬಿಜಾಪುರದ ಕಡೆಯವನು. ಮುಂಬಯಿಗೆ ಬಂದು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದ್ದ. ಒಂದಾಳು ತಬ್ಬಿದರೂ ಕೈಗೆ ಸಿಗದಷ್ಟು ದೊಡ್ಡ ಒರಳು, ಅದರ ಗುಂಡುಕಲ್ಲನ್ನು ಬೆಳಗಿನಿಂದ ತಿರುಗಿಸಿ ತಿರುಗಿಸಿ ಅವನ ತೋಳು ಗಟ್ಟಿಯಾಗಿತ್ತು. ಅವನು ಮೈ ತೊಳೆದು ಬಂದರೂ ಹುಳಿಹಿಟ್ಟಿನ ವಾಸನೆ ಬಿಡುತ್ತಿರಲಿಲ್ಲ. ಹೋಟೆಲಿನ ದಣಿಗಳು ರಾತ್ರಿ ಉಳಿದ ತಿಂಡಿಯನ್ನು ಕೆಲಸದವರಿಗೆ ಹಂಚುತ್ತಿದ್ದರು. ಅಪ್ಪ ತನ್ನ ಪಾಲನ್ನು ತಾನು ತಿನ್ನದೆ ಡಬ್ಬಿಗೆ ತುಂಬಿಕೊಂಡು, ಎರಡು ಲೋಕಲ್ ರೈಲು ಹತ್ತಿಳಿದು ಮನೆಗೆ ತರುತ್ತಿದ್ದ. ಇಡ್ಲಿ, ಬಟಾಟೆವಡೆ, ಪಾವು, ಬಿಳಿ ಅನ್ನ. ಹಬ್ಬ ಹುಣ್ಣಿಮೆಯಲ್ಲಿ ಸ್ವಲ್ಪ ಶಿರಾ. ಆ ಡಬ್ಬಿಯ ಮುಚ್ಚಳ ತೆಗೆದರೆ ಇಡೀ ಖೋಲಿಗೆ ತುಪ್ಪದ ಪರಿಮಳ ಬರುತ್ತಿತ್ತು.

ಆ ಡಬ್ಬಿ ನನ್ನದು. ಮನೆಯಲ್ಲಿ ಇದ್ದವರು ನಾಲ್ಕು ಜನ, ಅಪ್ಪ, ಅವ್ವ, ಅಕ್ಕ, ನಾನು. ಆದರೆ ಡಬ್ಬಿ ಮಾತ್ರ ನನ್ನೊಬ್ಬನದು, ಯಾಕೆಂದರೆ ನಾನು ಗಂಡುಮಗ, ಅದೂ ಒಬ್ಬನೇ ಗಂಡುಮಗ. ಅಪ್ಪ ಬಂದು ‘ಮಲಗಿದ್ದ’ ನನ್ನನ್ನು ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು, ಚಿಮಣಿದೀಪದ ಮಸುಕಿನಲ್ಲಿ ತುತ್ತು ಮಾಡಿ ಬಾಯಿಗಿಡುತ್ತಿದ್ದ. ನಾನು ಗುಬ್ಬಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದೆ. ತುತ್ತು ಎಲ್ಲಿಂದ ಬರುತ್ತಿದೆ ಎಂಬುದು ನನಗೆ ಕಾಣುತ್ತಿರಲಿಲ್ಲ. ಮಗನಿಗೆ ನಿದ್ದೆಗಣ್ಣು ಎಂದೇ ಅಪ್ಪ ತಿಳಿದಿದ್ದ. ಅಕ್ಕ ಮೂಲೆಯಲ್ಲಿ ಕೂತು ಪಾಠ ಓದುತ್ತಿದ್ದಳು. ಅವಳು ಒಮ್ಮೆಯೂ ಡಬ್ಬಿಯ ಕಡೆ ಕೈ ಚಾಚಲಿಲ್ಲ.

ಸೊಪ್ಪಿಗೆ ನಮ್ಮ ಕಡೆ ತಪ್ಪಲ ಎನ್ನುತ್ತಾರೆ. ಆ ತಪ್ಪಲವನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಒಮ್ಮೆ ಅವ್ವ ಸೆರಗಿನಲ್ಲಿ ನುಗ್ಗೆಸೊಪ್ಪು ಕಟ್ಟಿಕೊಂಡು ಬಂದದ್ದನ್ನು ನೋಡಿ ಅದನ್ನು ಕಿತ್ತು ನಾಲಾಕ್ಕೆ ಎಸೆದಿದ್ದ.

“ನಾ ಸಣ್ಣಾಂವ ಇದ್ದಾಗ ಬರೇ ತಪ್ಪಲಾ ಕುದಿಸಿ ತಿಂದ ಬೆಳದೇನಿ. ನನ್ನ ಮಗಾನೂ ದನದಂಗ ತಪ್ಪಲಾ ತಿನ್ನಬೇಕೇನು? ಹಂಗಾದ್ರ ಮುಂಬಯಿಗೆ ಯಾಕ ಬರಬೇಕಿತ್ತು?” ಎಂದು ಕೂಗಾಡಿದ್ದ.

ಅವ್ವ ಎದುರಾಡಲಿಲ್ಲ. ಆದರೆ ಎಸೆದ ಮಾತ್ರಕ್ಕೆ ಹೊಟ್ಟೆ ತುಂಬುತ್ತದೆಯೇ? ಅಪ್ಪ ಕೆಲಸಕ್ಕೆ ಹೋದ ಮೇಲೆ ಅವಳು ಜೋಳದ ರೊಟ್ಟಿ ಬಡಿದು, ಹಳಿಯ ಬದಿಯ ಸೊಪ್ಪನ್ನು ಬೆಳ್ಳುಳ್ಳಿ ಹಾಕಿ ಬೇಯಿಸುತ್ತಿದ್ದಳು. ಅವಳೂ ಅಕ್ಕನೂ ಅದನ್ನು ತಿಂದು, ಅಪ್ಪ ಬರುವುದರೊಳಗೆ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದರು. ನನಗೂ ಒಂದು ತುತ್ತು ಕೊಡಲು ಬಂದರೆ ನಾನೇ ಮೂಗು ಮುರಿಯುತ್ತಿದ್ದೆ. ಹೋಟೆಲಿನವನ ಮಗ ನಾನು, ಹಳಿಯ ಬದಿಯ ಹುಲ್ಲು ತಿನ್ನುತ್ತೇನೆಯೇ? ರಾತ್ರಿ ಉಳಿದ ಪಾವನ್ನೇ ಬೆಳಿಗ್ಗೆ ಸಕ್ಕರೆ ಚಹಾದಲ್ಲಿ ಅದ್ದಿ ತಿಂದು, ಮಹಾರಾಜನ ಗತ್ತಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದೆ.

ನನ್ನ ಕಣ್ಣು ಯಾವ ದಿನ ಕೆಟ್ಟಿತು ಎಂದು ನನಗೆ ಗೊತ್ತಿಲ್ಲ. ಒಂದು ಮಳೆಗಾಲದಲ್ಲಿ ಹೊಟ್ಟೆ ಕೆಟ್ಟು ಬಹಳ ದಿನ ಮಲಗಿದ್ದೆ. ಎದ್ದು ಶಾಲೆಗೆ ಹೋದಾಗ, ಮೋಡ ಕವಿದರೆ ಸಾಕು, ಕರಿಹಲಗೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ನಮ್ಮದು ಮುನಿಸಿಪಾಲಿಟಿಯ ಕನ್ನಡ ಶಾಲೆ, ಮಧ್ಯಾಹ್ನದ ಪಾಳಿ, ತರಗತಿಗೆ ದೀಪವಿರಲಿಲ್ಲ. ಬಾಯಿ, ಎಂದರೆ ನಮ್ಮ ಟೀಚರು, ಓದು ಎಂದರೆ ನಾನು ಪಕ್ಕದ ಹುಡುಗ ಪಿಸುಗುಟ್ಟಿದ್ದನ್ನು ಹೇಳುತ್ತಿದ್ದೆ. ಅವನು ಬೇಕೆಂದೇ ತಪ್ಪು ಹೇಳಿಕೊಟ್ಟ ದಿನ ಇಡೀ ತರಗತಿ ನಗುತ್ತಿತ್ತು. ಸಂಜೆ ಮನೆಯಲ್ಲಿ ಓದೋಣವೆಂದರೆ ದೀಪದ ಕುಡಿ ಮಾತ್ರ ಒಂದು ಚುಕ್ಕೆಯಾಗಿ ಕಾಣುತ್ತಿತ್ತು, ಪುಸ್ತಕ ಕಾಣುತ್ತಿರಲಿಲ್ಲ. ಹೀಗೆ ನಾನು ದಡ್ಡನೆಂದು ತೀರ್ಮಾನವಾಯಿತು. ನಾನೂ ಅದನ್ನು ಒಪ್ಪಿಕೊಂಡೆ.

ಮೊದಲು ಕಂಡುಹಿಡಿದವಳು ಅಕ್ಕ. ಅವಳು ಅದೇ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಳು. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ನಾಲಾದ ಮೇಲಿನ ಹಲಗೆಯ ಮುಂದೆ ನಾನು ಸುಮ್ಮನೆ ನಿಂತುಬಿಟ್ಟಿದ್ದೆ. ಕಾಲಿಗೆ ಮುಳ್ಳು ಚುಚ್ಚಿದೆ ಎಂದು ಸುಳ್ಳು ಹೇಳಿದೆ. ಅಕ್ಕ ನನ್ನ ಮುಖದ ಮುಂದೆ ಕೈಯಾಡಿಸಿದಳು ಅಂತ ಕಾಣುತ್ತದೆ, ನನ್ನ ಕೆನ್ನೆಗೆ ಗಾಳಿ ತಾಕಿತು. ಹೆಗಲಿಗೆ ಹಾಕಿಕೊಂಡಿದ್ದ ಪಾಟಿಚೀಲವನ್ನು ಕೆಳಗಿಳಿಸಿ ಅದರ ಪಟ್ಟಿಯನ್ನು ನನ್ನ ಕೈಗಿತ್ತಳು.

“ಹಿಡಕೋ ತಮ್ಮಾ. ಕೈ ಹಿಡಿದ್ರ ಹುಡುಗ್ರು ನಗತಾರ. ಚೀಲಾ ಹಿಡಿದ್ರ ಯಾರ ಕೇಳತಾರ?”

ಅಂದಿನಿಂದ ಅದೇ ರೂಢಿಯಾಯಿತು. ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಹೊಲಿದ ಚೀಲ ಅದು. ಅದರ ಪಟ್ಟಿಯನ್ನು ನಾನು ಹಿಡಿಯುತ್ತಿದ್ದೆ, ಅಕ್ಕ ಚೀಲದ ಬಾಯಿಯನ್ನು ಹಿಡಿದು ಮುಂದೆ ನಡೆಯುತ್ತಿದ್ದಳು. ತಗ್ಗು ಬಂದರೆ ಒಮ್ಮೆ ಜಗ್ಗುತ್ತಿದ್ದಳು. ನೋಡಿದವರಿಗೆ ಅಕ್ಕ ತಮ್ಮ ಚೀಲಕ್ಕಾಗಿ ಕಿತ್ತಾಡುತ್ತಿದ್ದಾರೆ ಎನ್ನಿಸಬೇಕು, ಹಾಗಿತ್ತು ನಮ್ಮ ನಡಿಗೆ. ಮನೆಯಲ್ಲಿ ಹೇಳಬೇಡ ಎಂದು ನಾನು ಅವಳಿಂದ ಆಣೆ ಮಾಡಿಸಿಕೊಂಡಿದ್ದೆ. ಅಪ್ಪ ಅಷ್ಟು ಆಸೆಯಿಂದ ಸಾಕಿದ ಮಗ ಕುರುಡನೆಂದು ಅವನಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು.

ಅಕ್ಕ ಓದಿನಲ್ಲಿ ಬಲು ಚುರುಕು. ನಮ್ಮ ಶಾಲೆಯಲ್ಲಿ ಏಳನೆಯದೇ ಕೊನೆಯ ತರಗತಿ. ಮುಂದೆ ಓದಬೇಕೆಂದರೆ ದಾದರಿನ ಆಚೆ ಇದ್ದ ಕನ್ನಡ ಹೈಸ್ಕೂಲಿಗೆ ಹೋಗಬೇಕು. ಹೆಣ್ಣುಮಗಳು ಲೋಕಲಿನಲ್ಲಿ ಅಷ್ಟು ದೂರ ಹೋಗುವುದೆಂದರೆ ನಮ್ಮ ಚಾಳಿನಲ್ಲಿ ಯಾರೂ ಕೇಳಿರದ ಮಾತು. ಬಾಯಿಯವರೇ ಮನೆಗೆ ಬಂದು, ಅವ್ವ ಕೊಟ್ಟ ಚಹಾ ಕುಡಿದು, ಅಪ್ಪನನ್ನು ಒಪ್ಪಿಸಿದರು. ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಹೇಳಿ ಒಂದು ಸೀಟನ್ನೂ ಕಾದಿರಿಸಿದ್ದರು. “ಆದರೆ ಶುಕ್ರವಾರ ಆಫೀಸು ಮುಚ್ಚುವುದರೊಳಗೆ ಹೋಗಲೇಬೇಕು, ಆಮೇಲೆ ನನ್ನ ಕೈಯಲ್ಲಿ ಇಲ್ಲ” ಎಂದು ಎಚ್ಚರಿಸಿ ಹೋಗಿದ್ದರು. ಅಕ್ಕ ಆ ಚೀಲವನ್ನು ಸೋಪು ಹಚ್ಚಿ ಒಗೆದಳು. ಮಳೆಗೆ ಅದು ಒಣಗಲಿಲ್ಲವೆಂದು ಒಲೆಯ ಮೇಲೆ ತೂಗುಹಾಕಿದಳು. ಅದಕ್ಕೇ ಶುಕ್ರವಾರ ಆ ಚೀಲದಿಂದ ಹೊಗೆಯ ವಾಸನೆ ಬರುತ್ತಿತ್ತು.

ಆ ಶುಕ್ರವಾರವೇ ನಾನು ಹೇಳಹೊರಟ ದಿನ. ಜೂನ್ ತಿಂಗಳು, ಮಳೆ ಹಿಡಿದು ಸುರಿಯುತ್ತಿತ್ತು. ಅಪ್ಪ ಅರ್ಧ ದಿನ ರಜೆ ಕೇಳಿದ್ದ. ಆದರೆ ಹೋಟೆಲಿನಲ್ಲಿ ಇನ್ನೊಬ್ಬ ರುಬ್ಬುವವನು ಬಾರದೆ, ಅವನ ಪಾಲಿನ ಹಿಟ್ಟನ್ನೂ ಇವನೇ ಮುಗಿಸಿ ಬರಬೇಕಾಯಿತು. ಮನೆ ಮುಟ್ಟುವಾಗ ಮೂರೂವರೆಯ ಮೇಲಾಗಿತ್ತು. ಬಂದವನೇ ಗಣಪತಿ ಹಬ್ಬಕ್ಕೆಂದು ಎತ್ತಿಟ್ಟಿದ್ದ ಬಿಳಿ ಅಂಗಿ ತೊಟ್ಟ. ಅಕ್ಕ ಬೆಳಗಿನಿಂದಲೇ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು, ಸರ್ಟಿಫಿಕೇಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು. ಅವ್ವ ಕಂಪನಿಯ ಕ್ವಾರ್ಟರ್ಸಿನಲ್ಲಿ ಪಾತ್ರೆ ತೊಳೆಯಲು ಹೋಗಿದ್ದರಿಂದ ನನ್ನೊಬ್ಬನನ್ನೇ ಬಿಡುವಂತಿರಲಿಲ್ಲ.

“ನಡೀರಿ ಇಬ್ರೂ. ಸಾಲಿ ಕೆಲಸ ಮುಗಿಸಿ ಗ್ರಾಂಟ್ ರೋಡಿಗೆ ಹೋಗೂಣು. ಇವತ್ತ ಗಿರಾಕಿ ಹಂಗ ಟೇಬಲ್ ಮ್ಯಾಲ ಕೂತ ಮಸಾಲಿ ದೋಸಿ ತಿನ್ನೂಣು” ಎಂದ ಅಪ್ಪ. ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಲೋಕಲ್ ಕುರ್ಲಾ ದಾಟಿ ನಿಂತುಬಿಟ್ಟಿತು. ಹಳಿಯ ಮೇಲೆ ನೀರು. ಬೋಗಿಯೊಳಗೆ ಒದ್ದೆ ಛತ್ರಿ, ಒದ್ದೆ ಮೈ, ಬೀಡಿ, ಮೀನಿನ ಬುಟ್ಟಿ ಎಲ್ಲದರ ವಾಸನೆ ಸೇರಿ ಉಸಿರು ಕಟ್ಟುತ್ತಿತ್ತು. ನಾನು ದೊಡ್ಡವರ ಕಾಲುಗಳ ನಡುವೆ, ಚೀಲದ ಪಟ್ಟಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ನಿಂತಿದ್ದೆ. ಅಪ್ಪ ಮತ್ತೆ ಮತ್ತೆ ಪಕ್ಕದವರ ಕೈಗಡಿಯಾರ ಇಣುಕುತ್ತಿದ್ದ. ಹೊರಗೆ ಮೋಡ ದಟ್ಟೈಸಿ ಸಂಜೆಗೆ ಮೊದಲೇ ಕತ್ತಲು ಕವಿಯಿತು. ಅಕ್ಕ ಬಗ್ಗಿ ನನ್ನ ಕಿವಿಯಲ್ಲಿ “ಬಿಡಬ್ಯಾಡ” ಎಂದಳು.

ದಾದರಿನಲ್ಲಿ ಇಳಿದಾಗ ಆಫೀಸು ಮುಚ್ಚಲು ಇನ್ನು ಸ್ವಲ್ಪವೇ ಹೊತ್ತಿತ್ತು. “ಓಡ್ರಿ, ಓಡ್ರಿ” ಎಂದು ಅಪ್ಪ ಮುಂದೆ ಧಾವಿಸಿದ. ದಾದರಿನ ಬ್ರಿಜ್ ನಿಮಗೆ ಗೊತ್ತೇ ಇದೆ. ಆಗಲೂ ಹಾಗೇ ಇತ್ತು, ಅಲ್ಲಿ ನಾವು ನಡೆಯಬೇಕಾದ್ದಿಲ್ಲ, ಜನರೇ ನಮ್ಮನ್ನು ನಡೆಸುತ್ತಾರೆ. ನನಗೆ ಮೇಲೆ ಅಲ್ಲೊಂದು ಇಲ್ಲೊಂದು ಬಲ್ಬು ಜೋಳದ ಕಾಳಿನಂತೆ ಕಾಣುತ್ತಿತ್ತು. ಅವುಗಳ ಕೆಳಗೆ ಏನೂ ಇರಲಿಲ್ಲ. ಜನರಿಲ್ಲ, ಮೆಟ್ಟಿಲಿಲ್ಲ, ನನ್ನ ಕಾಲುಗಳೂ ಇಲ್ಲ. ಯಾರದೋ ಬುಟ್ಟಿ ನನ್ನ ತೋಳಿಗೆ ಬಡಿಯಿತು. ಒದ್ದೆ ಪಟ್ಟಿ ಕೈಯಿಂದ ಜಾರಿತು. ಗಾಳಿಯಲ್ಲಿ ಕೈಯಾಡಿಸಿದೆ, ಯಾರದೋ ಸೀರೆ ಸಿಕ್ಕಿತು, ಅವರು ಕೊಸರಿಕೊಂಡು ಬೈದರು. ಆಗ ನಾನು “ಅಕ್ಕಾ” ಎಂದು ಕೂಗಬಹುದಿತ್ತು. ಅಷ್ಟು ಜನರ ಮುಂದೆ ಕೂಗಲು ನಾಚಿಕೆಯಾಯಿತು. ಕಾಣುವವನ ಹಾಗೆ ಒಂದು ಹೆಜ್ಜೆ ಮುಂದಿಟ್ಟೆ. ಅಲ್ಲಿಂದ ಮೆಟ್ಟಿಲು ಶುರುವಾಗಿತ್ತು.

ಅಕ್ಕ ಆ ಹೊತ್ತಿಗೆ ಬ್ರಿಜ್ಜಿನ ಆ ತುದಿ ಮುಟ್ಟಿದ್ದಳಂತೆ. ಅಪ್ಪ ಕೆಳಗಿನ ರಸ್ತೆಯಲ್ಲಿ ನಿಂತು ಬಾ ಬಾ ಎಂದು ಕೈ ಬೀಸುತ್ತಿದ್ದನಂತೆ. ಚೀಲ ಇದ್ದಕ್ಕಿದ್ದಂತೆ ಹಗುರಾಗಿದೆ ಎನ್ನಿಸಿ ತಿರುಗಿ ನೋಡಿದಳಂತೆ. ಅಪ್ಪನ ಜೊತೆ ಹೋಗಿ ಹೆಸರು ಹಚ್ಚಿಸಿ ಬಂದಿದ್ದರೂ ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಅವಳು ಅಷ್ಟು ಜನರ ಎದುರು ಈಜಿಕೊಂಡು ಹಿಂದಕ್ಕೆ ಬಂದಳು. “ತಮ್ಮಾ, ತಮ್ಮಾ” ಎಂದು ಅವಳು ಕೂಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನಾನು ಮೆಟ್ಟಿಲಿನ ಮೂಲೆಯಲ್ಲಿ ಕೂತಿದ್ದೆ. ಹಣೆ ಒಡೆದು ಬೆಚ್ಚಗೆ ಏನೋ ಮೂಗಿನ ಮೇಲೆ ಹರಿಯುತ್ತಿತ್ತು. ನಾನು ಅಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಹೇಳಲು ಒಂದು ಒಳ್ಳೆಯ ಸುಳ್ಳನ್ನು ಹುಡುಕುತ್ತಿದ್ದೆ.

ಅಪ್ಪ ಅವಳ ಹಿಂದೆಯೇ ಓಡಿಬಂದ. “ಕಣ್ಣ ಎಲ್ಲಿಟ್ಟಿದ್ದಿ ಲೇ?” ಎಂದು ಗದರಿದ.

“ಅವಂಗ ಕಣ್ಣ ಕಾಣಂಗಿಲ್ಲಪ್ಪಾ” ಎಂದಳು ಅಕ್ಕ. “ಹೊತ್ತ ಮುಣಗಿದ್ರ ಏನೂ ಕಾಣಂಗಿಲ್ಲ. ಭಾಳ ದಿನಾ ಆತು.”

ಅಪ್ಪ ನಂಬಲಿಲ್ಲ. ನನ್ನ ಮುಂದೆ ಕೂತು, “ಎಷ್ಟ ಬೆರಳ ಅದಾವ ಹೇಳು” ಎಂದ. ನಾನು ಊಹೆ ಮಾಡಿ ಎರಡು ಎಂದೆ. ಅಪ್ಪ ಮುಷ್ಟಿ ಹಿಡಿದಿದ್ದನಂತೆ. ಅದನ್ನು ಅಕ್ಕ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ಆಗ ಅಪ್ಪ ಹಬ್ಬದ ಅಂಗಿಯ ತುದಿಯಿಂದ ನನ್ನ ಹಣೆ ಒತ್ತಿಹಿಡಿದ.

“ಸಾಲಿ?” ಎಂದು ಅಕ್ಕನನ್ನು ಕೇಳಿದ.

“ಮೊದ್ಲ ದವಾಖಾನಿಗೆ ಹೋಗೂಣು” ಎಂದಳು ಅಕ್ಕ.

ದೊಡ್ಡ ಆಸ್ಪತ್ರೆ ದೂರವಿರಲಿಲ್ಲ. ಫಿನಾಯಿಲ್ ವಾಸನೆ, ಉದ್ದನೆಯ ಬೆಂಚು, ಸೋರುವ ಛತ್ರಿಗಳ ಸಾಲು. ಒಬ್ಬ ಡಾಕ್ಟರಮ್ಮ ನನ್ನ ಹಣೆಗೆ ಹೊಲಿಗೆ ಹಾಕಿದರು. ಹಾಕುವಾಗ ಅವರ ಕೈ ಎತ್ತ ಹೋದರೂ ನನ್ನ ಕಣ್ಣು ಹಿಂದೆ ಹೋಗದ್ದನ್ನು ಕಂಡು, ಟಾರ್ಚು ತರಿಸಿ, ರೆಪ್ಪೆ ಬಿಡಿಸಿ ನೋಡಿದರು. ಕಣ್ಣಿನ ಬಿಳಿಯಲ್ಲಿ ಸಾಬೂನಿನ ನೊರೆಯಂಥ ಚುಕ್ಕೆ ಇತ್ತಂತೆ. ಅವರು ಅಪ್ಪನ ಕಡೆ ತಿರುಗಿ, “ಘರ್ ಮೇ ಕ್ಯಾ ಖಾತಾ ಹೈ ಯೇ?” ಎಂದು ನನ್ನ ಮನೆಯೂಟದ ಬಗ್ಗೆ ಕೇಳಿದರು.

ಅಪ್ಪ ನೆಟ್ಟಗೆ ನಿಂತ. “ಹೋಟೆಲ್ ಕಾ ಖಾನಾ, ಮೇಡಮ್. ಇಡ್ಲಿ, ವಡಾ, ಪಾವ್, ಸಫೇದ್ ಚಾವಲ್. ಏಕ್‌ದಮ್ ಫಸ್ಟ್ ಕ್ಲಾಸ್.”

“ಹರೀ ಭಾಜೀ? ದೂಧ್?” ಸೊಪ್ಪು, ಹಾಲು ಕೊಡುವುದಿಲ್ಲವೇ ಎಂದರು.

“ಭಾಜೀ ನಹೀ ದೇತಾ, ಮೇಡಮ್. ವೋ ತೋ ಗರೀಬ್ ಲೋಗ್ ಖಾತಾ ಹೈ.”

ಸೊಪ್ಪು ಬಡವರ ಊಟ ಎಂಬ ಆ ಮಾತಿಗೆ ಬೆಂಚಿನ ಮೇಲೆ ಯಾರೋ ಕಿಸಕ್ಕೆಂದು ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಅಕ್ಕನನ್ನು ಹತ್ತಿರ ಕರೆದು ಅವಳ ಕಣ್ಣಿಗೂ ಟಾರ್ಚು ಬಿಟ್ಟರು. ಅವಳ ಕಣ್ಣು ಚೊಕ್ಕವಾಗಿತ್ತು. “ಔರ್ ಯೇ ಕ್ಯಾ ಖಾತೀ ಹೈ?” ಎಂದರು.

ಅಪ್ಪ ಬಾಯಿ ತೆರೆದ. ತಾನು ಹೊತ್ತು ತರುವ ಡಬ್ಬಿ ಮಗನಿಗಾದರೆ ಮಗಳು ಏನು ತಿನ್ನುತ್ತಾಳೆ ಎಂದು ಅವನಿಗೇ ಗೊತ್ತಿರಲಿಲ್ಲ. ಕೊನೆಗೆ ಅಕ್ಕ ನೆಲ ನೋಡುತ್ತಾ, ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಹೇಳಿದಳು.

“ಜೋಳದ ರೊಟ್ಟಿ... ಜ್ವಾರೀ ಕೀ ರೋಟೀ. ಔರ್ ಪಾಲಾ.”

ಪಾಲಾ ಎಂದರೆ ಸೊಪ್ಪು ಎಂದು ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತು. ಡಾಕ್ಟರಮ್ಮ ಅಪ್ಪನಿಗೆ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು: ಹುಡುಗನ ಹೊಟ್ಟೆ ಮತ್ತೆ ಮತ್ತೆ ಕೆಟ್ಟು ಮೈಯಲ್ಲಿದ್ದ ಸತ್ತ್ವವೆಲ್ಲ ಹೋಗಿದೆ, ಬರೀ ಬಿಳಿ ಊಟದಲ್ಲಿ ಕಣ್ಣಿಗೆ ಬೇಕಾದ್ದು ಏನೂ ಇಲ್ಲ, ಹುಡುಗಿ ತಿನ್ನುವುದನ್ನೇ ಇವನಿಗೂ ಕೊಡಿ, ಇನ್ನೂ ತಡ ಮಾಡಿದ್ದರೆ ಹಗಲೂ ಕಾಣುತ್ತಿರಲಿಲ್ಲ. ಆಮೇಲೆ ಒಂದು ಚಮಚ ಹಳದಿ ಎಣ್ಣೆ ಕುಡಿಸಿದರು. ಹಳೆಯ ಮೀನಿನ ವಾಸನೆಯದು. ಅದು ನನ್ನ ಗಂಟಲಲ್ಲಿ ಇಳಿಯುತ್ತಿರುವಾಗ ಅಪ್ಪನ ಕೈ ನನ್ನ ಹೆಗಲ ಮೇಲಿತ್ತು. ಅವನು ತಗ್ಗಿದ ದನಿಯಲ್ಲಿ ಡಾಕ್ಟರಮ್ಮನಿಗೆ ತಪ್ಪಾಯಿತು ಎಂದ. ಅಪ್ಪನಿಗೆ ಅಷ್ಟು ನಾಚಿಕೆಯಾಗಿದ್ದು ನನ್ನಿಂದ ಎಂದು ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಹೈಸ್ಕೂಲಿನ ಗೇಟಿಗೆ ಬೀಗ ಬಿದ್ದಿತ್ತು. ಆದರೂ ಅಪ್ಪ ಅಲ್ಲಿಯವರೆಗೆ ಹೋದ, ಸರಳು ಹಿಡಿದು ಅಲ್ಲಾಡಿಸಿದ. ಜವಾನ ಒಳಗಿನಿಂದಲೇ ನಾಳೆ ಬಾ ಎಂದ. ದೋಸೆಯ ಮಾತನ್ನು ಯಾರೂ ಎತ್ತಲಿಲ್ಲ. ಸ್ಟೇಷನ್ನಿಗೆ ವಾಪಸು ಬರುವಾಗ ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡ. ಅಕ್ಕನ ಚೀಲವನ್ನೂ ತಾನೇ ಕೊರಳಿಗೆ ಹಾಕಿಕೊಂಡ. ಅದರಿಂದ ಇನ್ನೂ ಒಲೆಯ ಹೊಗೆಯ ವಾಸನೆ ಬರುತ್ತಿತ್ತು. ಅಕ್ಕ ರಿಬ್ಬನ್ ಬಿಚ್ಚಿ ಸುರುಳಿ ಸುತ್ತಿ ಕೈಯಲ್ಲಿ ಹಿಡಿದುಕೊಂಡಿದ್ದಳಂತೆ. ನನಗೆ ಅದು ಕಾಣಿಸಲಿಲ್ಲ.

ಮರುದಿನ ಅಪ್ಪ ಹೋಟೆಲಿಗೆ ಹೋಗದೆ ಹೈಸ್ಕೂಲಿಗೆ ಹೋದ. ಸೀಟು ಬೇರೆಯವರಿಗೆ ಹೋಗಿತ್ತು. ಮುಂದಿನ ವರ್ಷ ನೋಡೋಣ ಎಂದರಂತೆ. ಮಧ್ಯಾಹ್ನ ಮನೆಗೆ ಬಂದವನೇ, ರಕ್ತದ ಕಲೆಯಾಗಿದ್ದ ಅದೇ ಅಂಗಿಯಲ್ಲಿ, ಗುಡ್ಡದ ಕಡೆಯ ನುಗ್ಗೆಮರ ಹತ್ತಿದ. ನಳದ ಮುಂದಿದ್ದ ಹೆಂಗಸರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಯಾರೋ ಏನು ಮಾಡುತ್ತಿದ್ದೀ ಎಂದು ಕೇಳಿದರು.

“ತಪ್ಪಲಾ ಹರೀತೀನಿ. ನನ್ನ ಮಗಗ ಪಲ್ಯಾ ಮಾಡಾಕ” ಎಂದು ಅಪ್ಪ ಇಡೀ ಚಾಳಿಗೆ ಕೇಳುವಂತೆ ಕೂಗಿದ.

ಅವ್ವ ಅಂದು ಮೊದಲ ಸಲ ಅಪ್ಪನ ಎದುರಿಗೇ ಸೊಪ್ಪು ಬೇಯಿಸಿದಳು. ನಾಲ್ಕು ತಟ್ಟೆ ಒಟ್ಟಿಗೆ ಹಾಕಿದಳು. ಅಪ್ಪ ತುತ್ತನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ನುಂಗಲೇ ಇಲ್ಲ. ನನಗೂ ಅದು ಕಹಿಯಾಗಿಯೇ ಇತ್ತು. ಅವನು ನುಂಗಿದ ಮೇಲೆ ನಾನೂ ನುಂಗಿದೆ.

ಎಣ್ಣೆ, ಸೊಪ್ಪು, ಸಿಕ್ಕಾಗ ಒಂದಿಷ್ಟು ಹಾಲು. ಗಣಪತಿ ಹಬ್ಬದ ಹೊತ್ತಿಗೆ ಒಂದು ಸಂಜೆ ಚಿಮಣಿದೀಪದ ಸುತ್ತ ಏನೋ ಚಲಿಸಿದಂತಾಯಿತು. ಕಣ್ಣುಜ್ಜಿ ನೋಡಿದೆ. ಅಕ್ಕನ ಕೈಗಳು. ಬೂದಿ, ಹುಣಸೆಹಣ್ಣಿನಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಬೆರಳ ತುದಿಗಳೆಲ್ಲ ಒಡೆದಿದ್ದವು. ಶಾಲೆಯಿಲ್ಲದೆ ಸುಮ್ಮನೆ ಕೂರುವುದೇಕೆಂದು ಅವಳು ಅವ್ವನ ಜೊತೆ ಕ್ವಾರ್ಟರ್ಸಿಗೆ ಕೆಲಸಕ್ಕೆ ಹೋಗತೊಡಗಿದ್ದಳು. ಮುಂದಿನ ಜೂನಿನವರೆಗೆ ಮಾತ್ರ ಎಂದಿದ್ದಳು. ಮುಂದಿನ ಜೂನ್ ಬಂತು. ಅಷ್ಟರಲ್ಲಿ ಅವ್ವನ ಬೆನ್ನು ಹಿಡಿದುಕೊಂಡು, ಅವಳು ಬಿಟ್ಟ ಮನೆಗಳ ಕೆಲಸವೂ ಅಕ್ಕನ ಪಾಲಿಗೆ ಬಂದಿತ್ತು. ಬಾಯಿಯವರು ಮತ್ತೊಮ್ಮೆ ಬಂದು ಹೋದರು. ಅಕ್ಕನೇ ಬೇಡವೆಂದಳು.

ಕಣ್ಣು ಬಂದ ಮೇಲೆ ನನಗೆ ಕರಿಹಲಗೆಯೂ ಬಂತು. ದಡ್ಡನೆಂದು ಹೆಸರಾದವನು ಕೆಲವೇ ವರ್ಷಗಳಲ್ಲಿ ಅದೇ ದಾದರಿನ ಆಚೆಯ ಹೈಸ್ಕೂಲಿಗೆ ಹೋದೆ. ಹೊಸ ಚೀಲ ಕೊಳ್ಳುವುದೇಕೆಂದು ಅಕ್ಕ ತನ್ನದನ್ನೇ ಹರಿದಲ್ಲಿ ಹೊಲಿದು ಕೊಟ್ಟಳು. ಪ್ರತಿದಿನ ಆ ಬ್ರಿಜ್ಜು ಹತ್ತುವಾಗ ಚೀಲ ಹೆಗಲ ಮೇಲೆ ಇರುತ್ತಿತ್ತು, ನನ್ನ ಕೈ ಮಾತ್ರ ತಾನಾಗಿ ಪಟ್ಟಿಗೆ ಹೋಗುತ್ತಿತ್ತು. ಕಣ್ಣು ಕಾಣದ್ದಕ್ಕೆ ಪಟ್ಟ ನಾಚಿಕೆ ಅದರ ಪಾಡಿಗೆ ಹೋಯಿತು. ಮನೆಯಲ್ಲಿ ಒಳ್ಳೆಯದೆಲ್ಲ ನನಗೆ ಬಂತು, ಅದರಿಂದ ಕೆಟ್ಟದ್ದಾದಾಗ ಅಕ್ಕ ತೆತ್ತಳು ಎಂಬ ನಾಚಿಕೆ ಹೋಗಲಿಲ್ಲ. ನನಗೆ ನೌಕರಿ ಸಿಕ್ಕ ದಿನ, ಮದುವೆಯ ದಿನ, ನಿಮ್ಮಪ್ಪ ಹುಟ್ಟಿದ ದಿನ, ಎಲ್ಲ ದಿನವೂ ಅದು ಜೊತೆಗೇ ಬಂತು.

ಈಗ ನಿಮ್ಮನ್ನು ನೋಡುತ್ತೇನೆ. ನಿಮ್ಮ ಬಿಲ್ಡಿಂಗಿನಲ್ಲಿ ಗುಂಡಿ ಒತ್ತಿದರೆ ಮೂಲೆಮೂಲೆಗೂ ಬೆಳಕು. ನೀರನ್ನು ಕಾಯಿಸಿ ಸೋಸಿ ಕುಡಿಯುತ್ತೀರಿ. ಶಾಲೆಗೇ ಡಾಕ್ಟರು ಬಂದು ಕಣ್ಣು ನೋಡಿ ಹೋಗುತ್ತಾರೆ. ಕನ್ನಡಕ ಬಂದರೆ ನಾಚಿಕೆ ಹೋಗಲಿ, ಗುಲಾಬಿ ಬಣ್ಣದ ಫ್ರೇಮೇ ಬೇಕೆಂದು ಹಟ ಹಿಡಿಯುತ್ತೀರಿ. ಅಣ್ಣನಿಗೆ ಬಡಿಸಿದ್ದನ್ನೇ ತಂಗಿಗೂ ಬಡಿಸುತ್ತಾರೆ. ಒಬ್ಬರಿಗೆ ಒಂದು ಚೂರು ಹೆಚ್ಚಾದರೆ ಇನ್ನೊಬ್ಬರು ಮನೆ ತಲೆಮೇಲೆ ಹೊತ್ತುಕೊಳ್ಳುತ್ತೀರಿ. ಹೊತ್ತುಕೊಳ್ಳಿ, ನನಗೆ ಅದು ಕೇಳಲು ಹಿತವಾಗಿದೆ. ತಟ್ಟೆಯ ಅಂಚಿಗೆ ಪಾಲಕ್ ಸರಿಸಿ ಕೂತಾಗ ಮಾತ್ರ ಈ ಅಜ್ಜ ಯಾಕೆ ಸಿಡುಕುತ್ತಾನೆ ಎಂದು ನಿಮಗೆ ಇನ್ನು ಮೇಲಾದರೂ ಗೊತ್ತಾಗಲಿ.

ಭಾನುವಾರ ನಿಮ್ಮ ದೊಡ್ಡಜ್ಜಿ, ನನ್ನ ಅಕ್ಕ, ವಿಕ್ರೋಳಿಯಿಂದ ಜೋಳದ ರೊಟ್ಟಿ, ಮೆಂತ್ಯೆ ಪಲ್ಯ ಕಟ್ಟಿಕೊಂಡು ಬರುತ್ತಾಳಲ್ಲ. ಹೋದ ವಾರ ಊಟಕ್ಕೆ ಕೂತಾಗ ನಿಮ್ಮಲ್ಲಿ ಕಿರಿಯವಳು ಪುಟ್ಟಿ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಅವಳನ್ನು ಕೇಳಿದಳು, “ದೊಡ್ಡಜ್ಜಿ, ಆಪ್ ಎಷ್ಟನೇ ಕ್ಲಾಸ್ ತಕ್ ಓದಿದ್ದು?”

ಅಕ್ಕ ರೊಟ್ಟಿ ಮುರಿಯುತ್ತಾ ಹೇಳಿದಳು: “ಏಳನೇ ಇಯತ್ತೆ ಪಾಸ್ ಆಗೇನಿ, ಬಾಳಾ. ಎಂಟನೇ ಇಯತ್ತೆಗೆ ದಾದರ್ ಬ್ರಿಜ್ ತನಕಾ ಹೋಗಿದ್ದೆ.”

ನೀವೆಲ್ಲ ನಕ್ಕಿರಿ. ಅವಳೂ ನಕ್ಕಳು. ನಾನು ತಲೆ ಎತ್ತಲಿಲ್ಲ. ಅವಳು ನನ್ನ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು, ನಾನು ಒಂದೆಲೆಯನ್ನೂ ಬಿಡದೆ ತಿಂದೆ.